ಅಲ್ಲಿ ಹೊತ್ತು ಹೋಗುವುದು ಹೇಗೆ ಎಂದು ಕೇಳಿದ ಅತ್ತಿಗೆಗೆ

ಅತ್ತಿಗೆ, ನಮಸ್ಕಾರ. ನಿನ್ನೆ ರಾತ್ರಿ ನೀವು ಗ್ರೂಪಿನಲ್ಲಿ ಹಾಕಿದ ಮಾತನ್ನು ನಾನು ಇಂದು ಬೆಳಗ್ಗೆ ಎರಡು ಸಲ ಕೇಳಿದೆ. ಅಡಿಲೇಡಿಗೆ ಬಂದುಬಿಡಿ ಎಂದು ಮಗ ಒತ್ತಾಯಿಸುತ್ತಿದ್ದಾನೆ, ವೀಸಾದ ಕೆಲಸವೂ ಮುಗಿಯಿತು, ಆದರೆ ತೋಟ, ಹಟ್ಟಿ, ಅಂಗಳ ಎಂದು ಇಲ್ಲಿ ದಿನ ಮುಗಿದದ್ದೇ ತಿಳಿಯುವುದಿಲ್ಲ, ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಏನು ಮಾಡಿಕೊಂಡು ಕುಳಿತುಕೊಳ್ಳುವುದು ಎಂದು ನೀವು ಕೇಳಿದ್ದೀರಿ. ಟಿವಿ ಇದೆ, ಯೂಟ್ಯೂಬಿನಲ್ಲಿ ಯಕ್ಷಗಾನ ಇದೆ, ವಾಕಿಂಗ್ ಹೋಗಬಹುದು ಎಂದು ಮಕ್ಕಳು ಪ್ರೀತಿಯಿಂದ ಉತ್ತರ ಕೊಟ್ಟಿದ್ದಾರೆ. ಆದರೆ ನಿಮ್ಮ ಸ್ವರ ಕೇಳಿದಾಗ ನಿಮ್ಮ ಚಿಂತೆ ಹೊತ್ತು ಕಳೆಯುವುದಕ್ಕಿಂತ ದೊಡ್ಡದು ಎಂದು ನನಗೆ ಅನಿಸಿತು. ಮೆಲ್ಬರ್ನಿಗೆ ಬಂದು ನನಗೆ ಐದು ವರ್ಷವಾಯಿತು. ಇಷ್ಟನ್ನೆಲ್ಲ ಟೈಪ್ ಮಾಡಲು ನನ್ನ ಬೆರಳುಗಳು ಕೇಳುವುದಿಲ್ಲವಾದ್ದರಿಂದ ಬಾಯಲ್ಲಿಯೇ ಹೇಳಿ ಕಳುಹಿಸುತ್ತೇನೆ. ಅಣ್ಣನನ್ನೂ ಹತ್ತಿರ ಕೂರಿಸಿಕೊಂಡು ಕೇಳಿ.

ಊರಿನಲ್ಲಿ ನಮ್ಮ ದಿನಚರಿಯನ್ನು ನಾವಾಗಿ ಹಾಕಿಕೊಂಡವರಲ್ಲ. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗವನ್ನು ನೀವು ನೋಡಿದ್ದೀರಿ. ರಾತ್ರಿಯಿಡೀ ಸಣ್ಣಗೆ ಹರಿದ ಅದರ ನೀರು ಬೆಳಗಿನ ಜಾವ ಐದರ ಹೊತ್ತಿಗೆ ಟಾಂಕಿ ತುಂಬಿ ಹೊರಗೆ ಚೆಲ್ಲತೊಡಗುತ್ತಿತ್ತು, ಆ ಸದ್ದು ಕಿವಿಗೆ ಬಿದ್ದ ಮೇಲೆ ಯಾರಾದರೂ ಎದ್ದು ಹೋಗಿ ನೀರನ್ನು ತೋಟಕ್ಕೆ ತಿರುಗಿಸಲೇಬೇಕಾಗಿತ್ತು. ಅಲ್ಲಿಂದ ಹಟ್ಟಿ, ಹಾಲು ಕರೆಯುವುದು. ಆಕಾಶವಾಣಿಯಲ್ಲಿ 6:55ರ ಸಂಸ್ಕೃತ ವಾರ್ತೆ ಆರಂಭವಾಗುವಾಗ ಕಾವಲಿ ಒಲೆಯ ಮೇಲೆ ಇರುತ್ತಿತ್ತು. ಆಮೇಲೆ ನಮ್ಮ ಕಾಸರಗೋಡಿನ ಬದಿಯಡ್ಕದ ಬಸ್ಸು, ನಾನು ಪಾಠ ಮಾಡುತ್ತಿದ್ದ ಶಾಲೆಯ ಗಂಟೆ. ಕೇರಳ ಸರಕಾರದ ನಿಯಮದಂತೆ 56ಕ್ಕೆ ನಿವೃತ್ತಳಾದಾಗ ಶಾಲೆಯ ಗಂಟೆಯೊಂದು ನಿಂತಿತೇ ಹೊರತು ಉಳಿದ ಯಾವುದೂ ನಿಲ್ಲಲಿಲ್ಲ. ಅಂಗಳದಲ್ಲಿ ಅಡಿಕೆ ಹರವಿದ್ದರೆ ಮಧ್ಯಾಹ್ನದ ನಿದ್ದೆಯಲ್ಲಿಯೂ ಒಂದು ಕಿವಿ ಗುಡುಗಿನ ಕಡೆಗೆ ಇರುತ್ತಿತ್ತು. ಕರೆಯುವವರು ಇದ್ದರು, ನಾವು ಓಗೊಡುತ್ತಿದ್ದೆವು. ಅದನ್ನೇ ನಾವು ದಿನ ಎಂದು ತಿಳಿದಿದ್ದೆವು.

ನಾನು ಇಲ್ಲಿಗೆ ಬಂದದ್ದು ಜೂನ್ ತಿಂಗಳಲ್ಲಿ. ಊರಿನಲ್ಲಿ ಮಳೆ ಹಿಡಿದು ಶಾಲೆ ತೆರೆಯುವ ಹೊತ್ತಿಗೆ ಇಲ್ಲಿ ಚಳಿಗಾಲ, ಬೆಳಗ್ಗೆ ಏಳೂವರೆಯವರೆಗೆ ಕತ್ತಲೆ, ಸಂಜೆ ಐದು ದಾಟುವಾಗಲೇ ಸೂರ್ಯಾಸ್ತ. ಮಗ, ಸೊಸೆ, ಮೊಮ್ಮಗಳು ಎಂಟೂವರೆಗೆ ಹೊರಟರೆ ಮನೆಯಲ್ಲಿ ಹೀಟರಿನ ಸದ್ದು ಮಾತ್ರ. “ಅಮ್ಮ, ಇಷ್ಟು ವರ್ಷ ದುಡಿದದ್ದು ಸಾಕು, ಇನ್ನು ನೀನು ಏನೂ ಮಾಡಬೇಡ, ಆರಾಮವಾಗಿರು” ಎಂದು ಮಗ ತುಂಬು ಮನಸ್ಸಿನಿಂದ ಹೇಳಿದ. ನಾನು ಹಾಗೆಯೇ ಮಾಡಿದೆ. ಒಂಬತ್ತರವರೆಗೆ ಮಲಗಿದೆ, ಹಗಲು ಸೋಫಾದ ಮೇಲೆ ತೂಕಡಿಸಿದೆ, ರಾತ್ರಿ ಎರಡಕ್ಕೆ ಎಚ್ಚರವಾಗಿ ಕುಳಿತೆ. ಕೈಗಡಿಯಾರವನ್ನು ಊರಿನ ಸಮಯದಲ್ಲಿಯೇ ಬಿಟ್ಟಿದ್ದೆ. ಅದನ್ನು ನೋಡಿ ಈಗ ಹಾಲಿನ ಸೊಸೈಟಿಗೆ ಹೊರಟಿರಬಹುದು, ಈಗ ಅಂಚೆಯವನು ಬಂದಿರಬಹುದು ಎಂದುಕೊಳ್ಳುತ್ತಾ ಮೂರು ತಿಂಗಳು ಕಳೆದೆ. ಯಾರೂ ನನ್ನನ್ನು ನೋಯಿಸಿರಲಿಲ್ಲ, ಊಟಕ್ಕೆ ಕೊರತೆ ಇರಲಿಲ್ಲ, ಆದರೂ ಊಟ ರುಚಿಸುತ್ತಿರಲಿಲ್ಲ. ಇದನ್ನು ನಾನು ಇದುವರೆಗೆ ಗ್ರೂಪಿನಲ್ಲಿ ಹೇಳಿರಲಿಲ್ಲ. ನಿಮಗೆ ಅಂತಹ ಮೂರು ತಿಂಗಳು ಬಾರದಿರಲಿ ಎಂದು ಈಗ ಹೇಳುತ್ತಿದ್ದೇನೆ.

ನನ್ನನ್ನು ಎಬ್ಬಿಸಿದ್ದು ಒಂದು ಬೇವಿನಸೊಪ್ಪಿನ, ಅಂದರೆ ಕರಿಬೇವಿನ, ಗಿಡ. ನಮ್ಮ ಬೀದಿಯಲ್ಲಿ ಕಣ್ಣೂರಿನ ಕಡೆಯ ಒಬ್ಬ ಹಿರಿಯ ಹೆಂಗಸು ಇದ್ದಾರೆ. ನಾನು ಕಾಸರಗೋಡಿನವಳು ಎಂದು ತಿಳಿದ ದಿನವೇ ಮಲಯಾಳದಲ್ಲಿ ಮಾತು ಬೆಳೆದು, ಗೇಣುದ್ದದ ಗಿಡವಿದ್ದ ಒಂದು ಕುಂಡವನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಅಡುಗೆಮನೆಯ ದಕ್ಷಿಣದ ಕಿಟಕಿಯಲ್ಲಿ ಇಟ್ಟೆ. ವಾರದೊಳಗೆ ಎಲೆ ಹಳದಿಯಾಗಿ ಉದುರತೊಡಗಿತು. ಅವರು ಬಂದು ನೋಡಿ, ಇಲ್ಲಿ ಸೂರ್ಯ ಬಡಗು ದಿಕ್ಕಿನಲ್ಲಿ ಸಾಗುತ್ತಾನೆ, ತೆಂಕು ಕಿಟಕಿಗೆ ಚಳಿಗಾಲದಲ್ಲಿ ಬಿಸಿಲೇ ಬೀಳುವುದಿಲ್ಲ ಎಂದರು. ಮಕ್ಕಳಿಗೆ ವರ್ಷಗಟ್ಟಲೆ ಭೂಗೋಳ ಪಾಠ ಮಾಡಿದ ನಾನು ಅಂದು ಮೊದಲ ಬಾರಿಗೆ ಅಂಗಳಕ್ಕೆ ಇಳಿದು, ನಡುಹಗಲಿನಲ್ಲಿ ಬಡಗು ಆಕಾಶದಲ್ಲಿದ್ದ ಸೂರ್ಯನನ್ನು ಕಂಡೆ. ಅಂದಿನಿಂದ ಬೆಳಗ್ಗೆ ಮಂಜು ಇಳಿದ ಮೇಲೆ ಕುಂಡವನ್ನು ಬಡಗು ಜಗಲಿಗೆ ಒಯ್ಯುವುದು, ಸಂಜೆ ಚಳಿ ಏರುವ ಮೊದಲು ಒಳಗೆ ತರುವುದು ನನ್ನ ಪಾಲಿಗೆ ಬಂತು. ಒಂದು ದಿನ ಮಲಗಿಬಿಟ್ಟರೆ ಗಿಡ ಸೊರಗುತ್ತದೆ, ಹಾಗಾಗಿ ಏಳಲೇಬೇಕಾಯಿತು. ಸೆಪ್ಟೆಂಬರಿನ ಕೊನೆಯಲ್ಲಿ ಒಂದು ಬೆಳಗ್ಗೆ ಬೋಳು ದಂಟಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಚಿಗುರು, ಅದರ ಅಂಚಿಗೆ ನಸುಗೆಂಪು. ಅದನ್ನು ಮುಟ್ಟಿದ ಬೆರಳನ್ನು ಮೂಸಿ ನೋಡಿದಾಗ ಊರಿನ ಬಾವಿಕಟ್ಟೆಯ ಬಳಿ ನಿಂತ ಹಾಗಾಯಿತು. ಆ ದಿನವೇ ಕೈಗಡಿಯಾರವನ್ನು ಇಲ್ಲಿನ ಸಮಯಕ್ಕೆ ತಿರುಗಿಸಿದೆ.

ಆದ್ದರಿಂದ ಅತ್ತಿಗೆ, ಹೋದ ಮೊದಲ ವಾರದಲ್ಲಿಯೇ ನಿಮಗಾಗಿ ಕಾಯುವ ಏನನ್ನಾದರೂ ಹುಡುಕಿಕೊಳ್ಳಿ. ನೀವು ಹೋಗದಿದ್ದರೆ ಅದಕ್ಕೆ ನಷ್ಟವಾಗಬೇಕು, ಅಂತಹದ್ದು. ವಾಕಿಂಗ್ ನಾಳೆಗೆ ಕಾಯುತ್ತದೆ, ಟಿವಿ ಯಾರಿಗಾಗಿಯೂ ಕಾಯುವುದಿಲ್ಲ. ನನಗೆ ಎರಡನೆಯದಾಗಿ ದೊರೆತದ್ದು ಮೊಮ್ಮಗಳ ಶಾಲೆಯ ದಾರಿ. ಸಂಜೆ ಮೂರೂವರೆಗೆ ಅವಳನ್ನು ಕರೆತರುವುದು ನನ್ನ ಕೆಲಸ ಎಂದು ನಾನೇ ಕೇಳಿ ಪಡೆದುಕೊಂಡೆ. ಶಾಲೆಯ ಮುಂದೆ ಕೇಸರಿ ಬಣ್ಣದ ಬಾವುಟಗಳನ್ನು ನೆಟ್ಟು, ಕೈಯಲ್ಲಿ ನಿಲ್ಲಿ ಎಂಬ ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಒಬ್ಬ ವೃದ್ಧರಿದ್ದಾರೆ. ಮೊದಲು ತಲೆಯಾಡಿಸುವಷ್ಟೇ ಪರಿಚಯ. ಒಮ್ಮೆ ಜ್ವರ ಬಂದು ಎರಡು ದಿನ ಹೋಗಲಾಗಲಿಲ್ಲ. ಮೂರನೆಯ ದಿನ ಅವರು ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿರ ಬಂದು, ಎಲ್ಲಿ ಹೋಗಿದ್ದಿರಿ, ಹುಷಾರಾಗಿದ್ದೀರಾ ಎಂದು ವಿಚಾರಿಸಿದರು. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಅದೇ ಯೋಚನೆಯಾಗಿತ್ತು. ಈ ಊರಿನಲ್ಲಿ ನಾನು ಒಂದು ದಿನ ಕಾಣದಿದ್ದರೆ ಗಮನಿಸುವವರು ಒಬ್ಬರಿದ್ದಾರೆ.

ಇನ್ನು ದೀಪದ ವಿಷಯ, ಏಕೆಂದರೆ ಇದನ್ನು ನೀವು ಖಂಡಿತ ಕೇಳುತ್ತೀರಿ. ಊರಿನಲ್ಲಿ ವರ್ಷವಿಡೀ ಆರರಿಂದ ಏಳರ ಒಳಗೆ ಮುಸ್ಸಂಜೆ, ದೇವರಿಗೆ ದೀಪ ಹಚ್ಚಲು ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ. ಇಲ್ಲಿ ಜೂನಿನಲ್ಲಿ ಐದು ಗಂಟೆಗೆ ಮುಳುಗುವ ಸೂರ್ಯ ಡಿಸೆಂಬರಿನಲ್ಲಿ ಎಂಟೂ ಮುಕ್ಕಾಲರ ಹತ್ತಿರಕ್ಕೆ ಮುಳುಗುತ್ತಾನೆ. ಮೊದಲ ವರ್ಷ ನಾನು ಆಕಾಶವನ್ನೇ ಅನುಸರಿಸಿದೆ. ಬೇಸಗೆ ಬಂದಾಗ ದೀಪದ ಹೊತ್ತಿಗೆ ಮೊಮ್ಮಗಳು ಮಲಗಿರುತ್ತಿದ್ದಳು, ಬಾಯಿಪಾಠ ನಿಂತಿತು, ನಾನೊಬ್ಬಳೇ ದೀಪದ ಮುಂದೆ ಕುಳಿತುಕೊಳ್ಳುವಂತಾಯಿತು. ಸೂರ್ಯನಿಗಿಂತ ಮಗುವೇ ಮುಖ್ಯ ಎಂದು ತೀರ್ಮಾನಿಸಿ ವರ್ಷದ ಎಲ್ಲ ದಿನವೂ ಆರೂವರೆಗೆ ಎಂದು ನಿಗದಿ ಮಾಡಿದೆ. ಶಾಸ್ತ್ರ ಬಲ್ಲವರು ಒಪ್ಪದಿರಬಹುದು, ನನ್ನ ಮನಸ್ಸು ಒಪ್ಪಿದೆ. ಡಿಸೆಂಬರಿನ ಬಿಸಿಲಿನಲ್ಲಿ ದೀಪ ಹಚ್ಚಿದಾಗ, “ಅಜ್ಜಿ, ಹೊರಗೆ ಇಷ್ಟು ಬೆಳಕಿರುವಾಗ ದೀಪ ಯಾಕೆ?” ಎಂದು ಅವಳು ಕೇಳಿದಳು. ಉತ್ತರ ಹೊಳೆಯದೆ ನಾನು ಕಿಟಕಿಯ ಪರದೆಯನ್ನು ಅರ್ಧ ಎಳೆದೆ. ಈಗ ಆರೂವರೆಗೆ ಪರದೆ ಎಳೆಯುವುದು ಅವಳ ಕೆಲಸ, ಬತ್ತಿ ಹೊಸೆಯುವುದು ನನ್ನದು. ವಾರ, ತಿಥಿ, ನಕ್ಷತ್ರಗಳ ಹೆಸರು ಹೇಳಿ ಆರರ ಮಗ್ಗಿಯವರೆಗೆ ಬಂದಿದ್ದಾಳೆ. ಊದುಬತ್ತಿಯನ್ನು ಮಾತ್ರ ಕಿಟಕಿಯ ಬಳಿಯೇ ಹಚ್ಚಿ, ಮಾಡಿನಲ್ಲಿರುವ ಹೊಗೆಯ ಅಲಾರಂ ಒಮ್ಮೆ ಕೂಗಿದರೆ ಎದೆ ನಡುಗಿಹೋಗುತ್ತದೆ.

ಅಡುಗೆಮನೆ ಸೊಸೆಯದು ಎಂಬುದನ್ನು ನಾನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡೆ. ರಾತ್ರಿಯ ಕುಚ್ಚಿಲಕ್ಕಿ ಅನ್ನ ಮತ್ತು ಒಂದು ಸಾರು ಅಥವಾ ತಂಬುಳಿ, ಇಷ್ಟನ್ನು ನನಗೆ ಬಿಟ್ಟುಕೊಡು ಎಂದು ಕೇಳಿದೆ. ಅವಳು ಕೆಲಸದಿಂದ ಬರುವಾಗ ಕುಕ್ಕರಿನ ಸದ್ದು ಕೇಳಿದರೆ ಮುಖ ಅರಳುತ್ತದೆ. ಅಣ್ಣನ ಬಗ್ಗೆ ನನಗೆ ಹೆಚ್ಚು ಯೋಚನೆ. ಹೆಂಗಸರಿಗೆ ಎಲ್ಲಿ ಹೋದರೂ ಒಂದು ಒಲೆ ಇರುತ್ತದೆ, ಅರುವತ್ತು ವರ್ಷ ತೋಟದಲ್ಲಿ ನಡೆದ ಗಂಡಸಿಗೆ ಅಲ್ಲಿ ಏನೂ ಇರುವುದಿಲ್ಲ. ಮನೆಯ ಹಿಂದೆ ಎಷ್ಟು ಚಿಕ್ಕ ಜಾಗವಿದ್ದರೂ ಅದನ್ನು ಪೂರ್ತಿಯಾಗಿ ಅಣ್ಣನಿಗೇ ಬಿಟ್ಟುಕೊಡಬೇಕೆಂದು ಮಗನಿಗೆ ಈಗಲೇ ಹೇಳಿ. ಆದರೆ ಊರಿನಿಂದ ಬೀಜ, ಗಿಡ ಏನನ್ನೂ ಕಟ್ಟಿಕೊಳ್ಳಬೇಡಿ, ಆ ವಿಷಯದಲ್ಲಿ ಆಸ್ಟ್ರೇಲಿಯಾದ ತಪಾಸಣೆ ಬಹಳ ಕಟ್ಟುನಿಟ್ಟು. ಹಪ್ಪಳ, ಉಪ್ಪಿನಕಾಯಿ ಇದ್ದರೆ ಇದೆ ಎಂದೇ ಬರೆದು ತೋರಿಸಿ.

ಊರಿನ ನೆನಪು ಕಡಿಮೆಯಾಗುತ್ತದೆ ಎಂದು ನಾನು ಹೇಳಲಾರೆ. ವಿಷು ಇಲ್ಲಿ ಎಲೆ ಉದುರುವ ಕಾಲದಲ್ಲಿ ಬರುತ್ತದೆ. ಹಬ್ಬದ ಬೆಳಗ್ಗೆ ಎದ್ದ ಕೂಡಲೇ ನೋಡುವ ಕಣಿ ಇಡುವಾಗ ಹಳದಿ ಕೊನ್ನೆ ಹೂವಿಲ್ಲದ ತಟ್ಟೆಯನ್ನು ನೋಡಿ ನನಗೆ ಪ್ರತಿ ವರ್ಷವೂ ಗಂಟಲು ಕಟ್ಟುತ್ತದೆ. ಆದರೆ ಅದೇ ದಿನ ಆರೂವರೆಗೆ ಮೊಮ್ಮಗಳೊಂದಿಗೆ ದೀಪ ಹಚ್ಚಬೇಕಾಗಿರುತ್ತದೆ, ಹಚ್ಚುತ್ತೇನೆ.

ಊರಿಗೆ ಫೋನ್ ಮಾಡಲು ಕೂಡ ಒಂದು ಹೊತ್ತು ಇರಲಿ. ದಿನವಿಡೀ ಫೋನ್ ಹಿಡಿದು ಕಾದರೆ ಇಲ್ಲಿಯೂ ಇರುವುದಿಲ್ಲ, ಅಲ್ಲಿಯೂ ಇರುವುದಿಲ್ಲ. ನಾನು ತಂಗಿಗೆ ಫೋನ್ ಮಾಡುವುದು ಊರಿನ ಎಂಟೂವರೆಗೆ, ಅವಳು ತಿಂಡಿ ಮುಗಿಸಿ ಜಗಲಿಗೆ ಬರುವ ಹೊತ್ತು. ನನಗೆ ಆಗ ಮಧ್ಯಾಹ್ನ 1 ಗಂಟೆ. ಅಕ್ಟೋಬರಿನ ಮೊದಲ ಭಾನುವಾರದಿಂದ ಏಪ್ರಿಲಿನ ಮೊದಲ ಭಾನುವಾರದವರೆಗೆ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ 2 ಗಂಟೆ. ಅಡಿಲೇಡ್ ನಮಗಿಂತ ಅರ್ಧ ಗಂಟೆ ಹಿಂದೆ. ನೀವು ಬಂದ ಮರುದಿನದಿಂದ ನನ್ನ ಹನ್ನೆರಡು ಗಂಟೆಗೆ, ಅಂದರೆ ನಿಮ್ಮ ಹನ್ನೊಂದೂವರೆಗೆ, ನಾನು ಫೋನ್ ಮಾಡುತ್ತೇನೆ. ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ, ಅತ್ತಿಗೆ. ನಾನು ಕಾಯುತ್ತಿರುತ್ತೇನೆ.