‘ಜಯ’ ಅಂದರೆ 81? ಸುಡೊಕು ಲೆಕ್ಕ ಕೂಡುತ್ತಿಲ್ಲ

ಪ್ರಶ್ನೆ: ಕಿಲ್ಲರ್ ಸುಡೊಕು (ಕೆಲವು ಮನೆಗಳ ಗುಂಪಿಗೆ ಅಂಕಿಗಳ ಮೊತ್ತ ಕೊಡುವ ಸುಡೊಕು) ಥರದ್ದೇ, ಆದರೆ ಮೊತ್ತದ ಬದಲು ಕಟಪಯಾದಿ (ಒಂದೊಂದು ವ್ಯಂಜನಕ್ಕೂ ಅಂಕಿ ಕೊಡುವ ಹಳೆಯ ಪದ್ಧತಿ) ಪದ ಕೊಟ್ಟಿದ್ದಾರೆ. ಮೂರು ಮನೆಗೆ ‘ಜಯ’. ಜ 8, ಯ 1, ಅಂದರೆ 81. ಮೂರು ಮನೆಯಲ್ಲಿ 9, 8, 7 ಹಾಕಿದರೂ 24 ದಾಟುವುದಿಲ್ಲ ಅಲ್ವಾ? ಎರಡು ದಿನದಿಂದ ಇಲ್ಲೇ ನಿಂತಿದ್ದೇನೆ.

ಉತ್ತರ: ಬಲದಿಂದ ಓದಿ. ಮೊದಲ ಅಕ್ಷರ ಬಿಡಿ ಸ್ಥಾನಕ್ಕೆ, ಎರಡನೆಯದು ಹತ್ತರ ಸ್ಥಾನಕ್ಕೆ, ಹಾಗಾಗಿ ಜಯ 18. ಕರ್ನಾಟಕ ಸಂಗೀತದಲ್ಲಿ ಮಾಯಾಮಾಳವಗೌಳ ರಾಗ 15ನೇ ಮೇಳ (ಮೂಲ ರಾಗ) ಆಗಿರುವುದೂ ಹೀಗೇ: ಹೆಸರಿನ ಮೊದಲೆರಡು ಅಕ್ಷರದಲ್ಲಿ ಮ 5, ಯ 1, ತಿರುಗಿಸಿದರೆ 15.

ಕೇಳಿದವರು: ಆಹಾ, ಕೂತುಬಿಟ್ಟಿತು! ಎರಡು ಮನೆಯ ‘ಸತ್ಯ’? ಸ 7, ತ 6, ತಿರುಗಿಸಿದರೂ 67.

ಇನ್ನೊಂದು ಉತ್ತರ: ಒತ್ತಕ್ಷರದಲ್ಲಿ ಕೊನೆಯ ವ್ಯಂಜನ ಮಾತ್ರ ಲೆಕ್ಕಕ್ಕೆ. ‘ತ್ಯ’ದಲ್ಲಿ ಯ, ಅಂದರೆ 1. ಸತ್ಯ 17. ಎರಡು ಮನೆಗೆ 17 ಅಂದರೆ 8, 9 ಬಿಟ್ಟು ಬೇರೆ ದಾರಿಯೇ ಇಲ್ಲ, ಅಲ್ಲಿಂದಲೇ ಶುರು ಮಾಡಿ.