ದೊಡ್ಡಪ್ಪನ ಫಾರ್ವರ್ಡ್, ಚಿಕ್ಕಪ್ಪನ ಕೋಪ

ನಮ್ಮ ಮನೆಯ ಗುಂಪಿನಲ್ಲಿ ಇಪ್ಪತ್ತಮೂರು ಮಂದಿ ಇದ್ದೇವೆ. ಬಾಯಿ ಬಿಡುವವರು ಐದಾರು. ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ದೊಡ್ಡಪ್ಪ ಶಿವಮೊಗ್ಗದಿಂದ ಒಂದು ಸಂದೇಶ ದಾಟಿಸಿದರು. ನ್ಯೂಜೆರ್ಸಿಯಲ್ಲಿ ಆಗ ಶನಿವಾರ ರಾತ್ರಿ. ಚಿಕ್ಕಪ್ಪ ಇನ್ನೂ ಮಲಗಿರಲಿಲ್ಲ, ಅದೇ ಎಡವಟ್ಟಾಯಿತು.

ದೊಡ್ಡಪ್ಪ: (ಅನೇಕ ಬಾರಿ ಫಾರ್ವರ್ಡ್ ಆಗಿರುವುದು) ಜಗತ್ತೆಲ್ಲ ಹುಚ್ಚೆದ್ದು ನೋಡುವ ಫುಟ್‌ಬಾಲ್ ಅಮೆರಿಕನ್ನರಿಗೆ ಏಕೆ ರುಚಿಸುವುದಿಲ್ಲ? ಅವರಿಗೆ ತಾಳ್ಮೆಯಿಲ್ಲ. ತೊಂಬತ್ತು ನಿಮಿಷ ಕಾದು ಸೊನ್ನೆ-ಸೊನ್ನೆ ಎಂದರೆ ಟಿಕೆಟಿನ ಹಣ ವಾಪಸ್ ಕೇಳುವ ಜನ ಅವರು. ಕೂಡಲೇ ಫಲ ಬೇಕು. ಇದೇ ಭೋಗ ಸಂಸ್ಕೃತಿ. ಓದಿ, ಹತ್ತು ಜನರಿಗೆ ಹಂಚಿ.

ಚಿಕ್ಕಪ್ಪ: ಅಣ್ಣ, ಇದನ್ನು ಬರೆದವನು ಒಂದು ಬೇಸ್‌ಬಾಲ್ ಪಂದ್ಯಕ್ಕಾದರೂ ಕುಳಿತಿದ್ದಾನೆಯೇ? ಎರಡೂವರೆ ಗಂಟೆಗೂ ಮೇಲೆ. ಅದರಲ್ಲಿ ಅರ್ಧ ಹೊತ್ತು ಒಬ್ಬ ಚೆಂಡನ್ನು ಉಜ್ಜುತ್ತಿರುತ್ತಾನೆ, ಇನ್ನೊಬ್ಬ ಕೈಗವಸು ಬಿಗಿದುಕೊಳ್ಳುತ್ತಿರುತ್ತಾನೆ. ಇಲ್ಲಿಯವರು ಫುಟ್‌ಬಾಲ್ ಎನ್ನುವ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟವಂತೂ ಮೂರು ಗಂಟೆ ದಾಟುತ್ತದೆ, ಅಷ್ಟರಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಹನ್ನೊಂದು ನಿಮಿಷದ ಆಸುಪಾಸು. ಇದನ್ನು ಕುಳಿತು ನೋಡುವವರಿಗೆ ತಾಳ್ಮೆಯಿಲ್ಲವೇ?

ದೊಡ್ಡಪ್ಪ: ಅಲ್ಲಿ ಅಂಕಗಳಾದರೂ ಬರುತ್ತವೆ. 21-14 ಎಂದರೆ ನೋಡುವುದಕ್ಕೂ ತುಂಬಿದ ಹಾಗಿರುತ್ತದೆ.

ಚಿಕ್ಕಪ್ಪ: ಚೆಂಡನ್ನು ಎದುರಾಳಿಯ ಗೆರೆ ದಾಟಿಸುವ ಒಂದು ಟಚ್‌ಡೌನಿಗೆ ಆರು, ಅದರ ಬೆನ್ನಿಗೇ ಒದೆಯುವುದಕ್ಕೆ ಒಂದು, ಒಟ್ಟು ಏಳು. ಏಳರಿಂದ ಭಾಗಿಸು. ನಿನ್ನ 21-14 ಬರಿಯ 3-2. ಒಂದು ಗೋಲಿಗೆ ಏಳು ಅಂಕ ಕೊಟ್ಟರೆ ನಮ್ಮ ಆಟವೂ ತುಂಬಿದ ಹಾಗೆಯೇ ಕಾಣುತ್ತದೆ.

ಹುಬ್ಬಳ್ಳಿಯ ಭಾವ ಬ್ಯಾಂಕಿನವರು. ಎಲ್ಲ ಪ್ರಶ್ನೆಗೂ ಹಣದ ಕಡೆಯಿಂದಲೇ ಬರುತ್ತಾರೆ.

ಭಾವ: ಮಾವ, ತಾಳ್ಮೆಯ ಮಾತು ಬಿಡಿ, ಇದು ಜಾಹೀರಾತಿನ ಲೆಕ್ಕ. ನಲವತ್ತೈದು ನಿಮಿಷ ನಿಲ್ಲದೆ ಓಡುವ ಆಟದಲ್ಲಿ ಟಿವಿಯವರು ಸೋಪು ಮಾರುವುದು ಯಾವಾಗ? 1967ರಲ್ಲಿ ಸಿಬಿಎಸ್ ವಾಹಿನಿ ಅಲ್ಲಿಯ ಹೊಸ ಲೀಗಿನ ಪಂದ್ಯಗಳನ್ನು ತೋರಿಸುತ್ತಿದ್ದಾಗ, ಜಾಹೀರಾತಿಗೆ ಎಡೆ ಮಾಡಿಕೊಡಲೆಂದೇ ಫೌಲ್ ಊದಿದೆ ಎಂದು ರೆಫರಿಯೊಬ್ಬರು ಒಪ್ಪಿಕೊಂಡಿದ್ದರು. ಡ್ರಾ ಹಿಡಿಸದಿರುವುದರ ಬಗ್ಗೆ ದೊಡ್ಡಮಾವ ಹೇಳಿದ್ದೂ ಪೂರ್ತಿ ಸುಳ್ಳಲ್ಲ. 1996ರಲ್ಲಿ ಅಲ್ಲಿಯ ಈಗಿನ ದೊಡ್ಡ ಲೀಗ್ ಎಂಎಲ್‌ಎಸ್ ಶುರುವಾದಾಗ ಸಮ ಆದ ಪಂದ್ಯಕ್ಕೆ ಅವರದೇ ಒಂದು ಪಂಚಾಯಿತಿ ಇತ್ತು: ಆಟಗಾರ 35 ಗಜದಿಂದ ಚೆಂಡು ತೆಗೆದುಕೊಂಡು ಓಡಬೇಕು, ಐದೇ ಸೆಕೆಂಡಿನಲ್ಲಿ ಗೋಲ್‌ಕೀಪರನನ್ನು ದಾಟಿಸಿ ಗೋಲು ಹೊಡೆಯಬೇಕು.

ದೊಡ್ಡಪ್ಪ: ನೋಡಿದೆಯಾ? 👆

ಚಿಕ್ಕಪ್ಪ: ಅಳಿಯಂದಿರು ಅರ್ಧ ಮಾತ್ರ ಹೇಳಿದರು. ಆ ಪದ್ಧತಿಯನ್ನು ಮೊದಲು ಬೈದವರು ಇಲ್ಲಿಯ ಪ್ರೇಕ್ಷಕರೇ. 1999ರ ಋತುವಿನೊಂದಿಗೆ ಅದು ತೊಲಗಿತು. ಆಟವನ್ನು ಅಮೆರಿಕನ್ನರಿಗೆ ತಕ್ಕಂತೆ ಮಾಡುತ್ತೇವೆಂದು ಹೊರಟವರಿಗೆ ಅಮೆರಿಕನ್ನರ ರುಚಿಯೇ ತಿಳಿದಿರಲಿಲ್ಲ.

ಇಷ್ಟು ಹೊತ್ತು ನಾನು ಸುಮ್ಮನಿದ್ದೆ. ಟಿವಿಯ ಮಾತು ಬಂದ ಮೇಲೆ ಸುಮ್ಮನಿರಲಾಗಲಿಲ್ಲ.

ನಾನು: ಭಾವ, ಟಿವಿ ಬರುವ ಹೊತ್ತಿಗೆ ಇದೆಲ್ಲ ಇತ್ಯರ್ಥವಾಗಿ ಎಪ್ಪತ್ತು ವರ್ಷವಾಗಿತ್ತು. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿದ ಹಾಗೆ ಬೇಸ್‌ಬಾಲ್ ಮೊದಲೇ ಜಾಗ ಹಿಡಿದುಬಿಟ್ಟಿತ್ತು. ಅವರ ನ್ಯಾಷನಲ್ ಲೀಗ್ ಹುಟ್ಟಿದ್ದು 1876ರಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ 1888ರಲ್ಲಿ. ಕಾಲೇಜುಗಳ ಕಥೆ ಇನ್ನೂ ಚೆನ್ನ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಆಡಿದ ಪಂದ್ಯವನ್ನು ಅಮೆರಿಕನ್ ಫುಟ್‌ಬಾಲಿನ ಮೊದಲ ಪಂದ್ಯ ಎನ್ನುತ್ತಾರೆ. ಆಡಿದ್ದು ನೋಡಿದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂತೆಯೇ ಇರಲಿಲ್ಲ, ಒದೆಯಬೇಕಿತ್ತು ಇಲ್ಲವೇ ತಟ್ಟಬೇಕಿತ್ತು. ಹಾರ್ವರ್ಡ್‌ನವರು ಅದಕ್ಕೆ ಒಪ್ಪಲಿಲ್ಲ. 1874ರಲ್ಲಿ ಕೆನಡಾದ ಮೆಗಿಲ್‌ನವರನ್ನು ಕರೆಸಿ ರಗ್ಬಿ ಆಡಿದರು, ಅದೇ ಹಿಡಿಸಿತು. ಹಾರ್ವರ್ಡ್ ಹೋದ ದಾರಿಯಲ್ಲಿ ಉಳಿದ ಕಾಲೇಜುಗಳೂ ಹೋದವು. ಬೇಸಿಗೆ ಬೇಸ್‌ಬಾಲಿಗೆ, ಚಳಿಗಾಲದ ಮುಂಚಿನ ತಿಂಗಳುಗಳು ಕಾಲೇಜು ಫುಟ್‌ಬಾಲಿಗೆ. ಉಳಿದದ್ದೇನು?

ದೊಡ್ಡಪ್ಪ: ಹಾಗಾದರೆ ಅಲ್ಲಿ ಆ ಆಟ ಆಡುವವರೇ ಇರಲಿಲ್ಲ ಎಂದಾಯಿತು. ನಾನು ಹೇಳಿದ್ದೂ ಅದನ್ನೇ.

ಚಿಕ್ಕಪ್ಪ: ಇರಲಿಲ್ಲವೇ? ನನ್ನ ಮನೆಯಿಂದ ಅರ್ಧ ಗಂಟೆಗೆ ಕಿಯರ್ನಿ ಎಂಬ ಊರಿದೆ, ನೆವಾರ್ಕಿನ ಎದುರು, ಪಸೇಯಿಕ್ ನದಿಯ ಆಚೆ. ಸ್ಕಾಟ್‌ಲೆಂಡಿನ ಪೇಯ್ಸ್ಲಿಯಿಂದ ಬಂದ ಕ್ಲಾರ್ಕ್ ಮನೆತನದವರು ಅಲ್ಲಿ ಹೊಲಿಗೆ ದಾರದ ಗಿರಣಿ ಹಾಕಿದರು. ಜೊತೆಗೆ ಬಂದ ಕೆಲಸಗಾರರು ಆಟವನ್ನೂ ತಂದರು. ಗಿರಣಿಯ ತಂಡಕ್ಕೆ ಒ.ಎನ್.ಟಿ. ಎಂದು ಹೆಸರು. ಅದು ದಾರದ ರೀಲಿನ ಮೇಲೆ ಅಚ್ಚಾಗುತ್ತಿದ್ದ ಗುರುತು, ‘ನಮ್ಮ ಹೊಸ ದಾರ’ ಎಂದು ಅರ್ಥ. 1885ರಲ್ಲಿ ಮೊತ್ತಮೊದಲ ಅಮೆರಿಕನ್ ಕಪ್ ಗೆದ್ದದ್ದು ಅವರೇ. ನೂರು ವರ್ಷ ಕಳೆದ ಮೇಲೆಯೂ ಅದೇ ಊರಿನ ಹುಡುಗರು, ಹಾರ್ಕ್ಸ್ ಮತ್ತು ಮಿಯೋಲಾ, 1994ರ ವಿಶ್ವಕಪ್‌ನಲ್ಲಿ ಅಮೆರಿಕಕ್ಕೆ ಆಡಿದರು. ಇವತ್ತಿಗೂ ಅಲ್ಲಿ ಸ್ಕಾಟಿಷ್ ಮೀನು-ಚಿಪ್ಸ್ ಅಂಗಡಿ ಇದೆ. ನಾನು ಆಲೂಗಡ್ಡೆ ಮಾತ್ರ ತಿಂದು ಬಂದೆ.

ದೊಡ್ಡಮ್ಮ: ಯಾವ ಗಿರಣಿ ಎಂದೆ?

ಯಾರೂ ಗಮನಿಸಲಿಲ್ಲ.

ನಾನು: ಚಿಕ್ಕಪ್ಪ ಹೇಳಿದ್ದೇ ಸರಿಯಾದ ಎಳೆ. ಆಟ ಇತ್ತು, ಆದರೆ ಗಿರಣಿಯವರ ಆಟ, ವಲಸೆ ಬಂದವರ ಆಟ ಎನ್ನಿಸಿಕೊಂಡಿತು. ಅವರ ಮಕ್ಕಳು ತಾವೂ ಅಮೆರಿಕನ್ನರೆಂದು ತೋರಿಸಿಕೊಳ್ಳಲು ಬ್ಯಾಟು ಹಿಡಿದರು. ಹಾಗಿದ್ದರೂ 1920ರ ದಶಕದಲ್ಲಿ ಒಳ್ಳೆಯ ಲೀಗ್ ಒಂದು ನಡೆಯುತ್ತಿತ್ತು. ಬೆತ್ಲೆಹೆಮ್ ಸ್ಟೀಲ್, ಫಾಲ್ ರಿವರ್ ತಂಡಗಳು ಸ್ಕಾಟ್‌ಲೆಂಡಿನಿಂದ ಆಟಗಾರರನ್ನು ಸಂಬಳ ಕೊಟ್ಟು ಎಳೆದು ತರುತ್ತಿದ್ದವು. ಅಷ್ಟರಲ್ಲಿ ಲೀಗಿನವರಿಗೂ ರಾಷ್ಟ್ರೀಯ ಸಂಘಕ್ಕೂ ಒಂದು ಕಪ್ಪಿನ ವಿಷಯಕ್ಕೆ ಜಗಳ. 1928ರಲ್ಲಿ ಲೀಗ್ ತನ್ನ ತಂಡಗಳಿಗೆ ಆ ಕಪ್ ಆಡಬೇಡಿ ಎಂದಿತು. ಮೂರು ತಂಡಗಳು ಕೇಳಲಿಲ್ಲ. ಅವನ್ನು ಹೊರಹಾಕಿತು. ಸಂಘ ಎದುರಿಗೇ ಇನ್ನೊಂದು ಲೀಗ್ ನಿಲ್ಲಿಸಿತು. 1929ರ ಅಕ್ಟೋಬರಿನಲ್ಲಿ ರಾಜಿಯಾಗುವ ಹೊತ್ತಿಗೆ ಷೇರುಪೇಟೆ ಕುಸಿಯಿತು, ಗಿರಣಿಗಳು ಬಾಗಿಲು ಹಾಕಿದವು. 1933ಕ್ಕೆ ಆ ಲೀಗ್ ಕಥೆ ಮುಗಿಯಿತು. ನಡುವೆ 1930ರ ಮೊದಲ ವಿಶ್ವಕಪ್‌ನಲ್ಲಿ ಅಮೆರಿಕ ಸೆಮಿಫೈನಲ್ ತಲುಪಿತ್ತು! ಅಣ್ಣತಮ್ಮಂದಿರ ಪಾಲು ಜಗಳದಲ್ಲಿ ತೋಟ ಒಣಗಿದ ಹಾಗೆ. ಇದಕ್ಕೆ ಭೋಗ ಸಂಸ್ಕೃತಿ ಎಂದು ಹೆಸರಿಡುವುದು ಹೇಗೆ ದೊಡ್ಡಪ್ಪ?

(ತೋಟದ ಮಾತು ಎತ್ತಬಾರದಿತ್ತು. ಕಳುಹಿಸಿದ ಮೇಲೆ ಹೊಳೆಯಿತು.)

ದೊಡ್ಡಪ್ಪ: ತೋಟದ ವಿಷಯ ಇಲ್ಲಿ ಬೇಡ.

ಭಾವ: ಪೆಲೆ ಅಲ್ಲಿಗೆ ಆಡಲು ಹೋದರಲ್ಲ, ಆಗಲಾದರೂ ಆಟ ಏಳಬೇಕಿತ್ತು.

ದೊಡ್ಡಪ್ಪ: ಪೆಲೆ ಕೋಲ್ಕತ್ತಕ್ಕೂ ಬಂದಿದ್ದರು, 1977ರಲ್ಲಿ, ಅದೇ ನ್ಯೂಯಾರ್ಕ್ ಕಾಸ್ಮೊಸ್ ತಂಡದ ಜೊತೆ. ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ 2-2 ಮಾಡಿತು. ಮಾರನೆಯ ದಿನದ ಪತ್ರಿಕೆಯನ್ನು ಕಚೇರಿಯಲ್ಲಿ ಎಲ್ಲರೂ ಸರದಿಯಲ್ಲಿ ಓದಿದ್ದೆವು.

ಚಿಕ್ಕಪ್ಪ: ಅದೇ ವರ್ಷ ಇಲ್ಲಿ ಕಾಸ್ಮೊಸ್‌ನ ಒಂದು ಪಂದ್ಯಕ್ಕೆ 77,691 ಜನ ಸೇರಿದ್ದರು ಅಣ್ಣ. ನೋಡುವವರು ಇಲ್ಲವೆಂದಲ್ಲ. ಆ ಜನರನ್ನು ಕಂಡು ಮಾಲೀಕರಿಗೆ ತಲೆ ತಿರುಗಿತು. ಮರುವರ್ಷವೇ ಆಗಿನ ಲೀಗನ್ನು 24 ತಂಡಕ್ಕೆ ಉಬ್ಬಿಸಿದರು. ಎಲ್ಲರಿಗೂ ಒಬ್ಬೊಬ್ಬ ವಯಸ್ಸಾದ ದೊಡ್ಡ ಹೆಸರು ಬೇಕು, ಊರಿನ ಹುಡುಗರು ಬೇಡ. 1984ರ ಋತುವಿನೊಂದಿಗೆ ಅದರ ಆಟವೂ ಮುಗಿಯಿತು.

ಇಲ್ಲಿ ಪುಟ್ಟಿ ಬಂದಳು. ಚಿಕ್ಕಪ್ಪನ ಮಗಳು, ಕಾಲೇಜು ಓದುತ್ತಿದ್ದಾಳೆ. ಅವಳ ಕನ್ನಡ ಚಿಕ್ಕಮ್ಮನ ತಿದ್ದುಪಡಿ ದಾಟಿ ಬರುವುದರಿಂದ ಯಾವಾಗಲೂ ಹತ್ತು ನಿಮಿಷ ತಡ.

ಪುಟ್ಟಿ: ದೊಡ್ಡಪ್ಪ, ನಮಸ್ಕಾರ. ನೀವೆಲ್ಲ ಅಮೆರಿಕನ್ನರು ಎಂದು ಹೇಳುತ್ತಿರುವುದು ಗಂಡಸರನ್ನು ಮಾತ್ರವೇ? ನಮ್ಮ ಮಹಿಳೆಯರ ತಂಡ 1991, 1999, 2015, 2019ರಲ್ಲಿ ವಿಶ್ವಕಪ್ ಗೆದ್ದಿದೆ. 1999ರ ಫೈನಲ್ ನೋಡಲು ರೋಸ್ ಬೌಲ್‌ನಲ್ಲಿ 90,185 ಜನ ಇದ್ದರು. ಫುಟ್‌ಬಾಲ್ ಎಂದರೆ ಪ್ರಾಣ ಎನ್ನುವ ಇಂಗ್ಲೆಂಡ್ 1921ರಲ್ಲಿ ಹೆಂಗಸರನ್ನು ತನ್ನ ಮೈದಾನಗಳಿಂದ ಹೊರಗಿಟ್ಟಿತು, ಐವತ್ತು ವರ್ಷ ಒಳಗೆ ಬಿಡಲಿಲ್ಲ. ಬ್ರೆಜಿಲ್ 1941ರಲ್ಲಿ ಕಾನೂನು ಮಾಡಿ ತಡೆಯಿತು. ಇಲ್ಲಿ 1972ರ ಟೈಟಲ್ ನೈನ್ ಕಾನೂನು ಬಂದ ಮೇಲೆ ಶಾಲೆಗಳು ಹುಡುಗಿಯರಿಗೂ ತಂಡ ಕಟ್ಟಬೇಕಾಯಿತು. ಹಾಗಾಗಿ ನಾನು ಹತ್ತು ವರ್ಷ ಆಡಿದೆ. ನೀವು ಹೇಳಿ, ಯಾವ ದೇಶಕ್ಕೆ ಈ ಆಟ ಹಿಡಿಸಲಿಲ್ಲ?

ಎರಡು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಅಕ್ಕ ಒಂದು ಚಪ್ಪಾಳೆ ಒತ್ತಿದಳು, ಇಡೀ ಬೆಳಗಿನಲ್ಲಿ ಅವಳ ಪಾಲು ಅಷ್ಟೇ.

ದೊಡ್ಡಪ್ಪ: ಚೆನ್ನಾಗಿ ಹೇಳಿದೆ ಪುಟ್ಟಿ. ಆದರೆ ಗಂಡು ಹುಡುಗರ ಲೆಕ್ಕ ಹಾಗೆಯೇ ಉಳಿಯಿತು.

ಚಿಕ್ಕಪ್ಪ: ಆ ಲೆಕ್ಕ ನನ್ನ ಹತ್ತಿರ ಇದೆ. ಚಿಕ್ಕವನು ಹನ್ನೊಂದು ವರ್ಷದವರ ತಂಡದಲ್ಲಿದ್ದಾನೆ. ಕ್ಲಬ್ಬಿಗೆ ವರ್ಷಕ್ಕೆ ಎರಡೂವರೆ ಸಾವಿರ ಡಾಲರ್ ಕಟ್ಟಿದ್ದೇನೆ. ಎರಡು ಬಗೆಯ ಸಮವಸ್ತ್ರ ಬೇರೆ, ಕೋಚಿನ ಪ್ರಯಾಣದಲ್ಲಿ ನಮ್ಮ ಪಾಲು ಬೇರೆ. ಇವತ್ತು ಬೆಳಿಗ್ಗೆ ಐದಕ್ಕೆ ಎದ್ದು ಎರಡು ಗಂಟೆ ಕಾರು ಓಡಿಸಿ, ಮಂಜು ಬಿದ್ದ ಹುಲ್ಲಿನ ಮೇಲೆ ಮಡಚುವ ಕುರ್ಚಿ ಹಾಕಿ ಕುಳಿತೆ. ಅವನು ಆಡಿದ್ದು ಹದಿನೆಂಟು ನಿಮಿಷ. ನಮ್ಮ ಕಚೇರಿಯಲ್ಲಿ ನೆಲ ಒರೆಸುವವರು ಗ್ವಾಟೆಮಾಲಾದವರು. ಅವರ ಮಗ ಪಾರ್ಕಿಂಗ್ ಜಾಗದಲ್ಲಿ ಚೆಂಡನ್ನು ಆಡಿಸುವುದನ್ನು ನಾನು ನೋಡಿದ್ದೇನೆ, ನಮ್ಮವನು ಅವನ ಹತ್ತಿರ ನಿಲ್ಲಲಾರ. ಅವನು ಯಾವ ಕ್ಲಬ್ಬಿನಲ್ಲೂ ಇಲ್ಲ, ಎರಡೂವರೆ ಸಾವಿರ ಎಲ್ಲಿಂದ ತರುತ್ತಾರೆ? ಬೇರೆ ದೇಶಗಳಲ್ಲಿ ಬಡವರ ಮಕ್ಕಳನ್ನು ಮೇಲೆತ್ತುವ ಆಟ ಇದು. ಇಲ್ಲಿ ಅದು ನನ್ನಂಥವರು ಮಕ್ಕಳಿಗೆ ಕಲಿಸುವ ಪಿಯಾನೊದ ಹಾಗಾಗಿದೆ.

ಭಾವ: ಇದು ನನಗೆ ಹೊಸದು.

ನಾನು: ಗಿರಣಿಯವರ ಆಟ ಎಂದು ಒಂದು ಕಾಲದಲ್ಲಿ ದೂರವಿಟ್ಟರು, ಈಗ ಗಿರಣಿಯವರ ಮಕ್ಕಳಿಗೆ ಎಟುಕದ ಹಾಗೆ ಮಾಡಿದ್ದಾರೆ. ಲೀಗಿನಲ್ಲಿ ಮೂವತ್ತು ತಂಡಗಳಿವೆ, ಮೆಸ್ಸಿ ಮಯಾಮಿಯಲ್ಲಿದ್ದಾರೆ, ನೋಡುವವರೂ ಹೆಚ್ಚುತ್ತಿದ್ದಾರೆ, ಒಪ್ಪುತ್ತೇನೆ. ಆದರೆ ಚಿಕ್ಕಪ್ಪ ಹೇಳಿದ ಆ ಹುಡುಗ ಹೊರಗೇ ಇದ್ದಾನೆ.

ದೊಡ್ಡಪ್ಪ: ನಮ್ಮಲ್ಲಿ ಮಾತ್ರ ಏನು ಕಡಿದು ಕಟ್ಟೆ ಹಾಕಿದ್ದೇವೆ?

ನಾನು: ಅದನ್ನೇ ಕೇಳಬೇಕೆಂದಿದ್ದೆ. 2023ರಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, ಮೈಸೂರು ರಾಜ್ಯವಾಗಿದ್ದಾಗ ಗೆದ್ದ ಮೇಲೆ ಐವತ್ತು ವರ್ಷ ದಾಟಿತ್ತು. ಈ ಗುಂಪಿನಲ್ಲಿ ಅಂದು ಯಾರಾದರೂ ಒಂದು ಸಾಲು ಹಾಕಿದ್ದರೇ?

ನೀಲಿ ಗುರುತುಗಳು ಬಂದವು, ಉತ್ತರ ಬರಲಿಲ್ಲ.

ಹತ್ತು ಗಂಟೆಗೆ ದೊಡ್ಡಮ್ಮ ಒಂದು ಚಿತ್ರ ಹಾಕಿದರು. ಬಿಸ್ಕತ್ತಿನ ಹಳೆಯ ಡಬ್ಬಿ, ಒಳಗೆ ಗುಂಡಿಗಳು, ಒಂದು ಅಳತೆ ಟೇಪು, ಬಿಳಿ ದಾರದ ರೀಲು.

ದೊಡ್ಡಮ್ಮ: ಇದರ ಮೇಲೆ ಕೋಟ್ಸ್ ಎಂದಿದೆ. ನೀವು ಹೇಳಿದ ಗಿರಣಿಯೇ?

ಚಿಕ್ಕಪ್ಪ: ಅತ್ತಿಗೆ, ಹೆಚ್ಚು ಕಡಿಮೆ ಅದೇ! ಕೋಟ್ಸ್ ಕೂಡ ಪೇಯ್ಸ್ಲಿಯವರೇ. 1896ರಲ್ಲಿ ಕ್ಲಾರ್ಕ್‌ನವರೂ ಅವರೂ ಒಂದಾದರು. ಈ ರೀಲು ನಮ್ಮ ಕಿಯರ್ನಿ ತಂಡದ ದಾಯಾದಿ.

ದೊಡ್ಡಮ್ಮ: ಹಾಗಾದರೆ ಜನವರಿಯಲ್ಲಿ ಬರುವಾಗ ಅಲ್ಲಿಂದಲೇ ಎರಡು ಬಿಳಿ, ಒಂದು ಕಪ್ಪು ತನ್ನಿ. ಇದು ಮುಗಿಯುತ್ತಾ ಬಂತು.

ಚಿಕ್ಕಪ್ಪ: ಆ ಗಿರಣಿ ಮುಚ್ಚಿ ಎಷ್ಟೋ ದಶಕಗಳಾದವು ಅತ್ತಿಗೆ.

ದೊಡ್ಡಮ್ಮ: ಮತ್ತೆ ಅಷ್ಟು ಹೊತ್ತಿನಿಂದ ಹೇಳುತ್ತಿದ್ದಿರಿ, ದಾರ ಸಿಗುತ್ತದೆಂದು ತಿಳಿದೆ. ಸರಿ, ತಿಂಡಿ ಆರುತ್ತಿದೆ, ಫೋನ್ ಇಟ್ಟು ಬನ್ನಿ ಎಂದು ನಿಮ್ಮ ಅಣ್ಣನಿಗೆ ಹೇಳಿ. ಪಕ್ಕದ ಕೋಣೆಯಲ್ಲೇ ಇದ್ದಾರೆ, ಕೂಗಿದರೆ ಕೇಳಿಸುವುದಿಲ್ಲ.