ಭಟ್ಟರ ಸ್ಕೋರು

ಸಮುದ್ರಕ್ಕೆ ಬಿದ್ದ ಗಾಲ್ಫ್ ಚೆಂಡನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಭಟ್ಟರು ವಾದ ಹೂಡಿದರು.

"ಕೆರೆಗೆ ಬಿದ್ದರೆ ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಇಡೀ ಕೆರಿಬಿಯನ್ ಸಮುದ್ರವನ್ನೇ ಪಕ್ಕದಲ್ಲಿ ಇಟ್ಟುಕೊಂಡು ಕೋರ್ಸ್ ಮಾಡಿದ್ದು ಯಾರ ತಪ್ಪು?"

"ಪೀಟ್ ಡೈ ಅವರದ್ದು," ಎಂದರು ರಾಯರು. ಯಾವ ಪ್ರಶ್ನೆಯನ್ನೂ ಸುಮ್ನೆ ಬಿಡುವ ಜಾಯಮಾನ ಅವರದ್ದಲ್ಲ.

ನಾವು ಕೂತಿದ್ದು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ, ಲಾ ರೊಮಾನಾ ಊರಿನ ಪಕ್ಕದ ಕಾಸಾ ದೆ ಕಾಂಪೊ ರೆಸಾರ್ಟ್‌ನ ಒಂದು ವಿಲ್ಲಾದ ಹಿಂದಿನ ಜಗಲಿಯಲ್ಲಿ. ಎಲ್ಲರೂ ನ್ಯೂಜೆರ್ಸಿಯವರು. ಭಟ್ಟರು, ರಾಯರು, ಗೌಡರು, ಗೌಡರ ಹೆಂಡತಿ ಸರಸಕ್ಕ. ಬೆಳಿಗ್ಗೆ ಈ ನಾಲ್ವರೂ 'ಟೀತ್ ಆಫ್ ದಿ ಡಾಗ್' ಕೋರ್ಸ್‌ನಲ್ಲಿ ಆಡಿ ಬಂದಿದ್ದರು. ಗಾಲ್ಫ್ ಅಂದರೆ ಹದಿನೆಂಟು ಹೋಲ್‌ಗೆ, ಅಂದರೆ ಕುಳಿಗೆ, ಆದಷ್ಟು ಕಡಿಮೆ ಹೊಡೆತದಲ್ಲಿ ಚೆಂಡು ಸೇರಿಸುವ ಆಟ. ಒಂದು ಗುಂಪಿಗೆ ನಾಲ್ಕೇ ಜನ. ಐದನೆಯವನಾದ ನಾನು ಕಾರ್ಟ್‌ನಲ್ಲಿ ಕೂತು ಎಳನೀರು ಕುಡಿಯುತ್ತಾ ನೋಡಿದೆ. ಹಾಗಾಗಿ ಈ ಹರಟೆಯಲ್ಲಿ ನನ್ನ ಸ್ಕೋರ್ ಇಲ್ಲ. ನೆಮ್ಮದಿಯಾಗಿದ್ದೇನೆ.

"ಈ ಪೀಟ್ ಡೈ ಮೊದಲು ಏನಾಗಿದ್ದರು ಗೊತ್ತಾ?" ರಾಯರು ಕನ್ನಡಕ ಸರಿಮಾಡಿಕೊಂಡರು. "ಇಂಡಿಯಾನಾಪೊಲಿಸ್‌ನಲ್ಲಿ ಇನ್ಶೂರೆನ್ಸ್ ಏಜೆಂಟ್."

"ಹಾಗೆ ಹೇಳಿ ಮತ್ತೆ!" ಭಟ್ಟರಿಗೆ ಎಲ್ಲವೂ ಹೊಳೆದುಹೋಯಿತು. "ಮೊದಲು ಜನರನ್ನು ಹೆದರಿಸಿ ಪಾಲಿಸಿ ಮಾರಿದರು. ಆಮೇಲೆ ಅದೇ ಹೆದರಿಕೆಯನ್ನು ಹದಿನೆಂಟು ಕಂತಿನಲ್ಲಿ ನೆಲದ ಮೇಲೆ ಕಟ್ಟಿದರು. ಪ್ರೀಮಿಯಂ ಮಾತ್ರ ನಾವೇ ಕಟ್ಟುತ್ತಿದ್ದೇವೆ."

ಪ್ರೀಮಿಯಂ ವಿಷಯ ನಿಜವೇ. ಒಂದು ಸುತ್ತು ಆಡಲು ನೂರಾರು ಡಾಲರ್. ಅದರ ಮೇಲೆ ಭಟ್ಟರ ಚೆಂಡು. ಅವರು ತಂದಿದ್ದು ಡಜನ್‌ಗೆ ಐವತ್ತು ಡಾಲರ್ ಮೇಲೆ ಬೀಳುವ ಉತ್ತಮ ದರ್ಜೆಯ ಮಾಲು. ಗೌಡರು ಅದನ್ನೆಲ್ಲ ದೋಸೆಗೆ ಪರಿವರ್ತಿಸಿ ಹೇಳುತ್ತಾರೆ. ಮೂರು ಚೆಂಡು ನೀರುಪಾಲಾದರೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಂದು ಮಸಾಲೆ ದೋಸೆ ಹೋದ ಹಾಗೆ. ಐದನೇ ಹೋಲ್ ಮುಗಿಯುವ ಹೊತ್ತಿಗೆ "ಭಟ್ಟರೇ, ಒಂದು ದೋಸೆ, ಚಟ್ನಿ ಸಮೇತ" ಎಂದು ಕೂಗಿದ್ದರು. ಎಂಟರ ಹತ್ತಿರ ಬಂದಾಗ "ಮನೆಮಂದಿಯೆಲ್ಲ ಉಂಡೆದ್ದರು" ಎಂದರು. ಭಟ್ಟರು ಆಮೇಲೆ ಲೆಕ್ಕ ಹೇಳುವುದನ್ನೇ ನಿಲ್ಲಿಸಿದರು.

"ಐದರಿಂದ ಎಂಟು, ಆಮೇಲೆ ಹದಿನೈದರಿಂದ ಹದಿನೇಳು. ಒಟ್ಟು ಏಳು ಹೋಲ್ ಸಮುದ್ರದ ಅಂಚಿನಲ್ಲೇ ಇವೆ," ರಾಯರು ಮುಂದುವರಿಸಿದರು. "1971ರಲ್ಲಿ ತೆರೆದದ್ದು. ಆಗ ಇಲ್ಲಿ ಇದ್ದದ್ದು ಬರೀ ಹವಳದ ಕಲ್ಲು. ಅದರ ಚೂಪು ನೋಡಿ ಕೆಲಸದವರು ನಾಯಿಹಲ್ಲು ಅಂದರು, ಕೋರ್ಸಿಗೂ ಅದೇ ಹೆಸರಾಯಿತು. ಸುತ್ತಿಗೆ ಹಿಡಿದು ಕೈಯಲ್ಲೇ ಒಡೆದಿದ್ದಾರೆ. ಮಣ್ಣನ್ನು ಎತ್ತಿನಗಾಡಿಯಲ್ಲಿ ಹೊತ್ತು ತಂದರು."

ಆ ಕಲ್ಲನ್ನು ನಾನು ಮುಟ್ಟಿ ನೋಡಿದ್ದೆ. ಥೇಟ್ ಕಾಯಿ ತುರಿಯುವ ಮಣೆ. ಗೌಡರು ಏಳನೇ ಹೋಲ್‌ನಲ್ಲಿ ಚೆಂಡು ಹುಡುಕಲು ಅದರ ಮೇಲೆ ಕಾಲಿಟ್ಟು, ಹೊಸ ಶೂನ ಅಡಿಯಿಂದ ಒಂದು ಚೂರು ಅಲ್ಲೇ ಬಿಟ್ಟು ಬಂದಿದ್ದರು. ಚೆಂಡು ಕೂಡ ಸಿಗಲಿಲ್ಲ. ಹುಡುಕಲು ಮೂರೇ ನಿಮಿಷ ಕೊಡುತ್ತಾರೆ. 2019ಕ್ಕೆ ಮುಂಚೆ ಐದು ನಿಮಿಷ ಇತ್ತಂತೆ. ಕಡಿಮೆ ಮಾಡಿದವರಿಗೆ ಗೌಡರು ಮಂಡ್ಯದ ಭಾಷೆಯಲ್ಲಿ ಏನು ಹೇಳಿದರು ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

"ಬರೀ ಮಣ್ಣಲ್ಲ ರಾಯರೇ," ಗೌಡರು ಈಗ ಮುಂದೆ ಬಾಗಿದರು. ಸಕ್ಕರೆ ವಿಷಯ ಬಂದರೆ ಅವರನ್ನು ಹಿಡಿಯುವವರಿಲ್ಲ. "ಮರಳು, ಮಣ್ಣು, ಅದರ ಜೊತೆ ಕಾಚಾಸಾ. ಅಂದ್ರೆ ಏನು? ನಮ್ಮ ಪ್ರೆಸ್ ಮಡ್! ಕಬ್ಬಿನ ಹಾಲು ಸೋಸಿದ ಮೇಲೆ ಉಳಿಯುತ್ತಲ್ಲ, ಆ ಕರಿ ಗೊಬ್ಬರ. ನಮ್ಮಪ್ಪ ಫ್ಯಾಕ್ಟರಿಯಿಂದ ಗಾಡಿಗಟ್ಟಲೆ ತಂದು ಗದ್ದೆಗೆ ಹಾಕುತ್ತಿದ್ದರು. ಇವರು ಅದನ್ನೇ ಕಲ್ಲಿನ ಮೇಲೆ ಸುರಿದು, ಹುಲ್ಲು ನೆಟ್ಟು, ನಮ್ಮ ಹತ್ತಿರ ನೂರಾರು ಡಾಲರ್ ವಸೂಲಿ ಮಾಡುತ್ತಿದ್ದಾರೆ. ನಮ್ಮಪ್ಪನಿಗೆ ಈ ಬುದ್ಧಿ ಹೊಳೆಯಲಿಲ್ಲ ನೋಡಿ."

"ನಿಮ್ಮಪ್ಪನ ಹತ್ತಿರ ಸಮುದ್ರ ಇರಲಿಲ್ಲ," ಎಂದರು ಸರಸಕ್ಕ.

"ವಿಶ್ವೇಶ್ವರಯ್ಯ ನಾಲೆ ಇತ್ತಲ್ಲ!"

ಲಾ ರೊಮಾನಾ ಮೂಲತಃ ಸಕ್ಕರೆ ಊರು. ಈಗಲೂ ರೆಸಾರ್ಟ್ ಗೇಟಿನಿಂದ ಆಚೆ ಬಂದರೆ ಕಬ್ಬಿನ ಗದ್ದೆ ಕಣ್ಣಿಗೆ ಬೀಳುತ್ತದೆ. ಆ ಕಾಲದಲ್ಲಿ ಇಲ್ಲಿನ ಸಕ್ಕರೆ ಕಾರ್ಖಾನೆ ಅಮೆರಿಕದ ಗಲ್ಫ್ ಅಂಡ್ ವೆಸ್ಟರ್ನ್ ಕಂಪನಿಯ ಕೈಯಲ್ಲಿತ್ತು. ರೆಸಾರ್ಟ್ ಕಟ್ಟಿಸಿದ್ದೂ ಅವರೇ. ಒಟ್ಟು 7,000 ಎಕರೆ. ಈ ಸಂಖ್ಯೆ ಕೇಳಿದಾಗಿನಿಂದ ಗೌಡರಿಗೆ ನಿದ್ದೆ ಸರಿಯಿಲ್ಲ. "ನಮ್ಮೂರಲ್ಲಿ ಮೂರು ಗುಂಟೆಗೆ ಅಣ್ಣತಮ್ಮಂದಿರು ಹೈಕೋರ್ಟ್ ತನಕ ಹೋಗಿದ್ದಾರೆ. ಇಲ್ಲಿ 7,000 ಎಕರೆ ಇಟ್ಟುಕೊಂಡು ಚೆಂಡು ಹೊಡೀತಾ ಕೂತವ್ರೆ."

ಆ ಕಂಪನಿಗೆ ಇನ್ನೊಂದು ವ್ಯಾಪಾರವೂ ಇತ್ತು. ಪ್ಯಾರಾಮೌಂಟ್ ಸಿನಿಮಾ ಸ್ಟುಡಿಯೊ ಕೂಡ ಅವರದ್ದೇ. ಇದರಿಂದ ಭಟ್ಟರಿಗೆ ಹಿಂದಿನ ದಿನ ಭಾರಿ ಅವಮಾನವಾಗಿತ್ತು. ಚಾವೋನ್ ನದಿಯ ಮೇಲಿನ ಬೆಟ್ಟದಲ್ಲಿ ಆಲ್ತೋಸ್ ದೆ ಚಾವೋನ್ ಅಂತ ಒಂದು ಹಳೆಯ ಊರು ಇದೆ. ಕಲ್ಲು ಹಾಸಿದ ಬೀದಿ, ಕಲ್ಲಿನ ಮನೆ, ಕಲ್ಲಿನ ಚರ್ಚ್. ಭಟ್ಟರು ಚರ್ಚಿನ ಗೋಡೆಗೆ ಕೈ ಇಟ್ಟು, ಕಣ್ಣು ಮುಚ್ಚಿ, "ನಾನೂರು ವರ್ಷ! ಎಷ್ಟು ತಲೆಮಾರು ನೋಡಿದೆಯೋ ಇದು!" ಎಂದು ಭಾವುಕರಾದರು. ರಾಯರು ಹಿಂದಿನಿಂದ ಬಂದು, "1976ರಲ್ಲಿ ಕಟ್ಟಲು ಶುರು ಮಾಡಿದ್ದು. ಪ್ಲಾನ್ ಹಾಕಿದ್ದು ಪ್ಯಾರಾಮೌಂಟ್‌ನ ಸೆಟ್ ಡಿಸೈನರ್. ಭಟ್ಟರೇ, ಈ ಚರ್ಚ್‌ಗಿಂತ ನೀವೇ ಹಿರಿಯರು" ಎಂದರು.

"ಆದರೂ ಅಲ್ಲಿ ಏನೋ ಒಂದು ಕಂಪನ ಇತ್ತು," ಎಂದು ಭಟ್ಟರು ಈಗ ಮತ್ತೆ ಶುರು ಮಾಡಿದರು.

"ಅದು 1982ರಲ್ಲಿ ಪಕ್ಕದ ಬಯಲು ರಂಗಮಂದಿರದಲ್ಲಿ ಫ್ರಾಂಕ್ ಸಿನಾತ್ರಾ ಹಾಡಿದ್ದರಲ್ಲ, ಅದರದ್ದೇ ಇರಬೇಕು," ಎಂದರು ಗೌಡರು.

ಇಷ್ಟು ಹೊತ್ತಿಗೆ ಸರಸಕ್ಕ ಒಂದು ತಟ್ಟೆ ತೋಸ್ತೋನೆಸ್ ತಂದಿಟ್ಟರು. ಕಾಯಿ ಬಾಳೆಯನ್ನು ದಪ್ಪ ಬಿಲ್ಲೆ ಹೆಚ್ಚಿ, ಒಮ್ಮೆ ಕರಿದು, ತಟ್ಟಿ ಚಪ್ಪಟೆ ಮಾಡಿ, ಇನ್ನೊಮ್ಮೆ ಕರಿದದ್ದು. ಭಟ್ಟರು ಜೇಬಿನಿಂದ ಚಟ್ನಿಪುಡಿ ಡಬ್ಬಿ ತೆಗೆದರು. ಗಾಲ್ಫ್ ಬ್ಯಾಗ್‌ನಲ್ಲಿ ಹದಿನಾಲ್ಕು ಕ್ಲಬ್‌ಗಿಂತ, ಅಂದರೆ ಹೊಡೆಯುವ ಕೋಲಿಗಿಂತ, ಜಾಸ್ತಿ ಇರಬಾರದು ಅನ್ನುವುದು ನಿಯಮ. ಚಟ್ನಿಪುಡಿಗೆ ನಿಯಮ ಇಲ್ಲ.

ತಿನ್ನುತ್ತಾ ತಿನ್ನುತ್ತಾ ಮಾತು ಕ್ಯಾಡಿಯ, ಅಂದರೆ ಆಟಗಾರರ ಜೊತೆಗಿದ್ದು ಸಹಾಯ ಮಾಡುವವರ, ಕಡೆ ತಿರುಗಿತು. ಈ ಕೋರ್ಸ್‌ನಲ್ಲಿ ಕ್ಯಾಡಿ ಇಲ್ಲದೆ ಆಡಲು ಬಿಡುವುದಿಲ್ಲ. ನಮಗೆ ಸಿಕ್ಕವರು ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ನನ್ನ ಮಟ್ಟಿಗೆ ಇಡೀ ರೆಸಾರ್ಟ್‌ನಲ್ಲಿ ಕೊಟ್ಟ ದುಡ್ಡಿಗೆ ಸರಿಯಾದ ಐಷಾರಾಮ ಅಂದರೆ ಅವರೊಬ್ಬರೇ. ಮೆತ್ತನೆಯ ಟವೆಲ್ ಎಲ್ಲ ಕಡೆ ಸಿಗುತ್ತದೆ. ನಾವು ಮಾಡಿದ ಎಲ್ಲ ಅನಾಹುತವನ್ನು ಕಣ್ಣಾರೆ ನೋಡಿಯೂ ಮುಖದಲ್ಲಿ ಒಂದು ಗೆರೆ ಕದಲಿಸದ ಮನುಷ್ಯ ಎಲ್ಲಿ ಸಿಗುತ್ತಾರೆ, ಹೇಳಿ? ಮನೆಯಲ್ಲಂತೂ ಸಿಗುವುದಿಲ್ಲ.

ಐದನೇ ಹೋಲ್ ನೆನಪಿಗೆ ಬಂತು. ಚಿಕ್ಕ ಹೋಲ್, ಪಾರ್ ಮೂರು, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕು. ಒಂದೇ ಹೊಡೆತಕ್ಕೆ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲು, ಮುಟ್ಟಬಹುದು. ನಡುವೆ ಇರುವುದು ಬರೀ ಸಮುದ್ರ ಮತ್ತು ಭಟ್ಟರ ಆತ್ಮವಿಶ್ವಾಸ. ಭಟ್ಟರು ಎಂಟನೇ ಐರನ್ ಕ್ಲಬ್ ಎಳೆದರು. ಕ್ಯಾಡಿ ಒಂದು ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ಬಿಟ್ಟರು. ಹುಲ್ಲು ಹಿಂದಕ್ಕೆ ಹಾರಿ ಭಟ್ಟರ ಅಂಗಿಗೇ ಬಂದು ಅಂಟಿತು. ಕ್ಯಾಡಿ ಏನೂ ಹೇಳದೆ, ಇನ್ನೂ ದೂರ ಹೊಡೆಯುವ ಆರನೇ ಐರನ್ ಮುಂದೆ ಹಿಡಿದರು. ಭಟ್ಟರು ನಕ್ಕು, ಬೇಡ ಅಂತ ತಲೆ ಆಡಿಸಿ, ಎಂಟರಲ್ಲೇ ಹೊಡೆದರು. ಚೆಂಡು ಚೆನ್ನಾಗಿಯೇ ಎದ್ದಿತು. ಮೇಲೆ ಹೋಗಿ ಒಂದು ಗಳಿಗೆ ನಿಂತು ಯೋಚಿಸಿತು. ಆಮೇಲೆ ಗಾಳಿ ಹೇಳಿದ ಕಡೆ ಹೋಯಿತು.

"ಮುಯ್ ಸೆರ್ಕಾ," ಎಂದರು ಕ್ಯಾಡಿ. ತುಂಬಾ ಹತ್ತಿರ ಅಂತ.

"ಅವರು ಎಷ್ಟು ಚೆನ್ನಾಗಿ ಹುರಿದುಂಬಿಸಿದರು ನೋಡಿ," ಎಂದರು ಭಟ್ಟರು ಈಗ.

"ಯಾವುದಕ್ಕೆ ಹತ್ತಿರ ಅಂತ ಹೇಳಲಿಲ್ಲವಲ್ಲ," ಎಂದರು ಸರಸಕ್ಕ. "ಎದುರುಗಡೆ ಕಾತಲೀನಾ ದ್ವೀಪ ಇತ್ತಪ್ಪ."

ಗೌಡರ ಸಮಸ್ಯೆ ಬೇರೆ. ಅವರದ್ದು ಕ್ರಿಕೆಟ್ ಕೈ. ಡ್ರೈವರ್ ಕ್ಲಬ್ ಹಿಡಿದರೂ ಎಡಮೊಣಕೈ ಎತ್ತಿ ಕವರ್ ಡ್ರೈವ್ ಹೊಡೆಯುತ್ತಾರೆ. ಚೆಂಡು ನೆಲ ಬಿಟ್ಟು ಏಳುವುದೇ ಇಲ್ಲ. ಅದನ್ನು ನೋಡಿ ಕ್ಯಾಡಿ ಬೇಸ್‌ಬಾಲ್ ಬ್ಯಾಟ್ ಬೀಸುವ ಹಾಗೆ ಕೈಸನ್ನೆಯಲ್ಲಿ ತೋರಿಸಿದರು. ಇಲ್ಲಿ ಬೇಸ್‌ಬಾಲ್ ಅಂದರೆ ದೇವರು. ಗೌಡರು ಬೇಸ್‌ಬಾಲ್ ಬೀಸಿದರು. ಆಗ ಚೆಂಡು ಎದ್ದಿತು, ಆದರೆ ಪಕ್ಕದ ಹೋಲ್‌ನ ಫೇರ್‌ವೇಗೆ, ಅಂದರೆ ಹುಲ್ಲುಹಾದಿಗೆ.

"ಪಕ್ಕದ ಊರು ಸಾನ್ ಪೆದ್ರೊ ದೆ ಮಾಕೊರೀಸ್," ರಾಯರಿಗೆ ದಾರಿ ಸಿಕ್ಕಿತು. "ಅಲ್ಲಿನ ಕಬ್ಬಿನ ತೋಟಕ್ಕೆ ಸೇಂಟ್ ಕಿಟ್ಸ್, ನೆವಿಸ್, ಆಂಗ್ವಿಲಾ ಕಡೆಯಿಂದ ಇಂಗ್ಲಿಷ್ ಮಾತಾಡುವ ಕೂಲಿಗಳು ಬಂದರು. ಇಲ್ಲಿಯವರು ಅವರನ್ನು ಕೊಕೊಲೊ ಅಂತ ಕರೆದರು. ಬರುವಾಗ ಜೊತೆಗೆ ಕ್ರಿಕೆಟ್ ತಂದರು. ಮುಂದೆ ಅವರ ಮಕ್ಕಳು ಬೇಸ್‌ಬಾಲ್‌ಗೆ ಹೋದರು. ಅಮೆರಿಕದ ದೊಡ್ಡ ಲೀಗ್‌ಗೆ ಆ ಒಂದು ಊರಿನಿಂದಲೇ ಎಷ್ಟು ಜನ ಹೋಗಿದ್ದಾರೆ! ಸ್ಯಾಮಿ ಸೋಸಾ ಅಲ್ಲಿಯವರೇ."

"ಹಾಗಾದರೆ ಈ ನೆಲದಲ್ಲಿ ಕ್ರಿಕೆಟ್ ಕೈ ತಿದ್ದಿಕೊಳ್ಳೋಕೆ ಒಂದು ತಲೆಮಾರು ಬೇಕು," ಎಂದರು ಗೌಡರು. "ನನಗೆ ಒಂದೇ ಬೆಳಿಗ್ಗೆ ಕೊಟ್ಟಿದ್ದಾರೆ. ಅನ್ಯಾಯ."

ನಾಲ್ವರಲ್ಲಿ ಸರಿಯಾಗಿ ಆಡಿದ್ದು ಸರಸಕ್ಕ ಒಬ್ಬರೇ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರು ಗಾಲ್ಫ್‌ಗೆ ಬಂದ ಕಥೆ ಸಣ್ಣದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಹೋದರಲ್ಲ, 2021ರ ಆಗಸ್ಟ್‌ನಲ್ಲಿ. ನ್ಯೂಜೆರ್ಸಿಯಲ್ಲಿ ಆಗ ಶುಕ್ರವಾರ ಸಂಜೆ. ಹುಳಿಗೆ ಒಗ್ಗರಣೆ ಹಾಕುವುದನ್ನೂ ಬಿಟ್ಟು ಟಿವಿ ಮುಂದೆ ಕೂತರು. ಬರ್ಡಿ ಅಂದರೇನು, ಬೋಗಿ ಅಂದರೇನು, ಎಲ್ಲ ಅವತ್ತೇ ಕಲಿತರು. ಅದಿತಿ ನಾಲ್ಕನೆಯವರಾದರು, ಒಂದೇ ಹೊಡೆತದಲ್ಲಿ ಪದಕ ತಪ್ಪಿತು. ಸರಸಕ್ಕ ಮರುದಿನವೇ ಹೋಗಿ ಒಂದು ಪಟರ್ ಕ್ಲಬ್ ಕೊಂಡು ತಂದರು. ಗೌಡರು ಜೊತೆಗೆ ಹೋಗಿದ್ದು ಕಾರು ಓಡಿಸಲು.

"ಆದರೆ ಸರಸಕ್ಕ ಹೊಡೆದದ್ದು ಮುಂದಿನ ಟೀಯಿಂದ, ಅಂದರೆ ಗ್ರೀನ್‌ಗೆ ಹತ್ತಿರದ ಜಾಗದಿಂದ," ಭಟ್ಟರು ಮೆಲ್ಲಗೆ ಒಂದು ತಕರಾರು ತೆಗೆದರು. "ಹೆಂಗಸರಿಗೆ ದೂರ ಕಡಿಮೆ. ಅದನ್ನೂ ಗಣನೆಗೆ ತಗೋಬೇಕು ಅಲ್ವಾ?"

ರಾಯರು ಯಾರ ಪಕ್ಷವೂ ಅಲ್ಲ, ಮಾಹಿತಿಯ ಪಕ್ಷ. "ಹಾಗೆ ಮುಂದಿನ ಟೀ ಇರಲೇಬೇಕು ಅಂತ ಪಟ್ಟು ಹಿಡಿದವರು ಪೀಟ್ ಡೈ ಹೆಂಡತಿ ಆಲಿಸ್ ಡೈ. ಆಕೆ ಏನು ಸಾಮಾನ್ಯರಲ್ಲ. ಅಮೆರಿಕದ ಹಿರಿಯ ಮಹಿಳೆಯರ ಅಮೆಚೂರ್ ಪ್ರಶಸ್ತಿಯನ್ನು 1978, 1979 ಎರಡು ವರ್ಷವೂ ಗೆದ್ದವರು. ಫ್ಲೋರಿಡಾದ ಸಾಗ್ರಾಸ್‌ನಲ್ಲಿ ಸುತ್ತ ನೀರು, ನಡುವೆ ಗ್ರೀನ್ ಇರುವ ಹದಿನೇಳನೇ ಹೋಲ್ ಇದೆಯಲ್ಲ, ಆ ಉಪಾಯವೂ ಆಕೆಯದ್ದೇ."

"ನೋಡಿದಿರಾ?" ಸರಸಕ್ಕ ತಟ್ಟೆ ಎತ್ತಿಕೊಂಡರು. "ನೀರು ಎಲ್ಲಿಡಬೇಕು ಅಂತ ಹೇಳಿದ್ದು ಹೆಂಡತಿ. ಹೆಸರು ಗಂಡನಿಗೆ. ಚೆಂಡು ಹಾಕೋಕೆ ಮಾತ್ರ ಭಟ್ಟರು."

ಭಟ್ಟರು ಬೇರೆ ದಾರಿ ಹಿಡಿದರು. "ಅದೆಲ್ಲ ಇರಲಿ. ಇಲ್ಲಿ ದೊಡ್ಡ ದೊಡ್ಡ ಪಂದ್ಯ ನಡೆದಿದೆ ಅಂದಿರಲ್ಲ ರಾಯರೇ?"

"1974ರಲ್ಲಿ ವಿಶ್ವ ಅಮೆಚೂರ್ ತಂಡಗಳ ಚಾಂಪಿಯನ್‌ಶಿಪ್ ನಡೆಯಿತು. ಅಮೆರಿಕ ಗೆದ್ದಿತು."

"ಮತ್ತೆ! ನಾವೂ ಅಮೆಚೂರ್. ನಮ್ಮದೂ ಅಮೆರಿಕದ ತಂಡ." ಭಟ್ಟರ ಎದೆ ಒಂದು ಅಂಗುಲ ಉಬ್ಬಿತು. ಫೋನ್ ತೆಗೆದು, ಹದಿನಾರನೇ ಹೋಲ್‌ನಲ್ಲಿ ನಾನು ತೆಗೆದ ಅವರ ಫೋಟೊ ಹುಡುಕಿದರು. ಕ್ಲಬ್ ಹೆಗಲ ಮೇಲೆ, ಹೊಟ್ಟೆ ಒಳಗೆ, ದೃಷ್ಟಿ ದಿಗಂತದ ಕಡೆ, ಹಿಂದೆ ನೀಲಿ ಸಮುದ್ರ. ಅದ್ಭುತವಾದ ಫೋಟೊ. ಚೆಂಡು ಎಲ್ಲಿ ಹೋಯಿತು ಅನ್ನುವುದು ಚೌಕಟ್ಟಿನಲ್ಲಿ ಬರುವುದಿಲ್ಲ. ಅದನ್ನು ಎಡಿಸನ್ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದರು. ಹೆಬ್ಬೆಟ್ಟು, ಚಪ್ಪಾಳೆ, 'ಸೂಪರ್ ಭಟ್ರೇ' ಎಲ್ಲ ಸುರಿದವು. ಆಮೇಲೆ ಯಾರೋ ಒಬ್ಬ ಪಾಪಿ ಕೇಳಿಯೇಬಿಟ್ಟ.

"ಸ್ಕೋರ್ ಎಷ್ಟು ಅಂತ ಕೇಳುತ್ತಿದ್ದಾರೆ," ಭಟ್ಟರ ದನಿ ಇಳಿಯಿತು. ಇಡೀ ಸುತ್ತಿಗೆ ಪಾರ್ 72. ಕಾರ್ಡ್ ಇದ್ದದ್ದು ಸರಸಕ್ಕನ ಕೈಚೀಲದಲ್ಲಿ. ಅದನ್ನು ಹೊರಗೆ ತೆಗೆಯಿರಿ ಅಂತ ಯಾರೂ ಕೇಳಲಿಲ್ಲ.

"ಒಂಬತ್ತು ಹೋಲ್‌ದು ಮಾತ್ರ ಬರೆಯಿರಿ," ಎಂದರು ರಾಯರು.

"ಅದೂ ನೂರರ ಹತ್ತಿರ ಇದೆ," ಎಂದರು ಸರಸಕ್ಕ.

"ಇಲ್ಲಿ ನೆಟ್‌ವರ್ಕ್ ಇಲ್ಲ ಅಂತ ಬರೆಯಿರಿ ಭಟ್ಟರೇ," ಎಂದರು ಗೌಡರು.

ಭಟ್ಟರಿಗೆ ಅದೇ ಸರಿ ಅನ್ನಿಸಿತು. ಬರೆದು ಕಳಿಸಿದರು. ಅರೆಗಳಿಗೆಯಲ್ಲಿ ಎಡಿಸನ್‌ನಿಂದ ಉತ್ತರ ಬಂತು: "ಗೊತ್ತಾಯಿತು ಬಿಡಿ. ನೂರೈವತ್ತು ದಾಟಿತಾ, ಅಲ್ಲೇ ನಿಂತಿತಾ?"